ಒಂಬತ್ತು ಅಡಿ ಕೌದಿ, ಏಳು ಇಂಚಿನ ಸಂದು: ಮಷಿನ್ ಹೊಲಿಗೆಗೆ ಯಾವ ಡಿಸೈನ್ ಹಾಕಬೇಕು?

ಬೇಸಿಗೆ ಬಂತು ಅಂದರೆ ನಮ್ಮ ಕೊಪ್ಪಳದ ಕಡೆ ರಾತ್ರಿ ನಿದ್ದೆ ಮಾಳಿಗೆ ಮೇಲೆಯೇ. ಹಗಲೆಲ್ಲ ಕಾದ ಮಾಳಿಗೆಗೆ ಸಂಜೆ ನಾಲ್ಕು ಕೊಡ ನೀರು ಚೆಲ್ಲಿ, ಆರಿದ ಮೇಲೆ ಚಾಪೆ, ಚಾಪೆ ಮೇಲೆ ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ. ಆ ಕೌದಿ ದೊಡ್ಡದಿರಬೇಕು. ಮಕ್ಕಳು, ಅವ್ವ, ಊರಿಂದ ಬಂದ ಚಿಕ್ಕವ್ವ ಎಲ್ಲ ಒಂದೇ ಸಾಲಿನಲ್ಲಿ ಮಲಗುವಷ್ಟು ದೊಡ್ಡದು. ನಮ್ಮ ಮನೆಯದು ಒಂಬತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ. ಕಿಂಗ್ ಸೈಜ್ ಮಂಚಕ್ಕೆ ಹೊದಿಸಿದರೂ ನಾಲ್ಕೂ ಕಡೆ ಇಳಿಬೀಳುತ್ತದೆ.

ಇಷ್ಟು ದೊಡ್ಡದನ್ನು ಕೈಯಲ್ಲೇ ಹೊಲಿಯಲು ಮೂರು ಜನ ಹೆಣ್ಣುಮಕ್ಕಳು ಹೊಲದ ಕೆಲಸ ಇಲ್ಲದ ದಿನ ನೋಡಿ ಕೂರಬೇಕು. ಈಗ ಅಷ್ಟು ಜನ ಒಟ್ಟಿಗೆ ಸಿಗುವುದು ಕಷ್ಟ. ಮನೆಯಲ್ಲಿ ಹೊಲಿಗೆ ಮಷಿನ್ ಇದೆ, ಬೀರುವಿನಲ್ಲಿ ಹಳೇ ಸೀರೆಗಳಿವೆ, ಹೊಲಿಯಬೇಕೆಂಬ ಆಸೆಯೂ ಇದೆ. ಆಗ ಎದುರಾಗುವ ಮೊದಲ ಪ್ರಶ್ನೆ ಇದು: ಮೇಲೆ ಯಾವ ಡಿಸೈನ್‌ನಲ್ಲಿ ಹೊಲಿಗೆ ಹಾಕುವುದು? ಚೌಕವೋ, ಸುರುಳಿಯೋ, ಬಳ್ಳಿಯೋ, ಸುಮ್ನೆ ನೇರ ಗೆರೆಯೋ?

ಇದನ್ನು ಬರೀ ಅಂದದ ಪ್ರಶ್ನೆ ಅಂದುಕೊಂಡು ಶುರು ಮಾಡಿದರೆ ಅರ್ಧಕ್ಕೆ ನಿಂತುಹೋಗುತ್ತದೆ. ಕೈಹೊಲಿಗೆಗೂ ಮಷಿನ್ ಹೊಲಿಗೆಗೂ ಇರುವ ಮೂಲ ವ್ಯತ್ಯಾಸ ಒಂದೇ. ಕೈಯಲ್ಲಿ ಹೊಲಿಯುವಾಗ ಕೌದಿ ನೆಲದ ಮೇಲೆ ಹಾಯಾಗಿ ಬಿದ್ದಿರುತ್ತದೆ, ಸೂಜಿ ಓಡಾಡುತ್ತದೆ. ಮೂಲೆ ಬಂದರೆ ನಾವು ಎದ್ದು ಆ ಬದಿಗೆ ಹೋಗಿ ಕೂರುತ್ತೇವೆ. ಮಷಿನ್‌ನಲ್ಲಿ ಸೂಜಿ ನಿಂತ ಜಾಗ ಬಿಟ್ಟು ಕದಲುವುದಿಲ್ಲ, ಕೌದಿಯೇ ಓಡಾಡಬೇಕು. ಮೂಲೆ ಬಂದಾಗ ತಿರುಗಬೇಕಾದ್ದೂ ಕೌದಿಯೇ. ಹಾಗಾಗಿ ದೊಡ್ಡ ಕೌದಿಗೆ ಡಿಸೈನ್ ಆರಿಸುವಾಗ ಮೊದಲು ಲೆಕ್ಕ ಹಾಕಬೇಕಾದ್ದು, ಈ ಡಿಸೈನ್ ಮುಗಿಯುವುದರೊಳಗೆ ಅಷ್ಟು ಭಾರದ ಅರಿವೆಯನ್ನು ಎಷ್ಟು ಸಲ ತಿರುಗಿಸಬೇಕು ಅನ್ನುವುದನ್ನು.

ಭಾರ ಅಂದೆನಲ್ಲ, ಅದನ್ನೂ ಲೆಕ್ಕ ಹಾಕೋಣ. ಆರು ಗಜದ ಒಂದು ಹತ್ತಿ ಸೀರೆ ಅಂದಾಜು ಅರ್ಧ ಕೆಜಿ ತೂಗುತ್ತದೆ. ಒಂಬತ್ತಡಿ ಚೌಕದ ಒಂದು ಪದರಕ್ಕೆ ಒಂದು ಸೀರೆ ಸಾಲದು, ಸ್ವಲ್ಪ ಜಾಸ್ತಿಯೇ ಬೇಕು. ಆರು ಪದರ ಹಾಕಿದರೆ ಏಳು ಸೀರೆ. ಅಂದರೆ ಮೂರೂವರೆ ಕೆಜಿ. ಹೊತ್ತುಕೊಳ್ಳಲು ಇದೇನು ಭಾರ ಅಲ್ಲ. ಆದರೆ ಮಷಿನ್‌ನಲ್ಲಿ ಅರಿವೆಯನ್ನು ಮೇಲಿಂದ ಒತ್ತಿ ಹಿಡಿಯುವ ಪಾದದ ಕೆಳಗಿನ ಪುಟ್ಟ ಹಲ್ಲುಗಳು ಆ ಮೂರೂವರೆ ಕೆಜಿಯನ್ನು ಹೊಲಿಗೆ ಹೊಲಿಗೆಗೂ ಮೂರು ಮಿಲಿಮೀಟರಿನಂತೆ ಎಳೆಯಬೇಕು. ಕೌದಿಯ ಒಂದು ಬದಿ ಮೇಜಿನಿಂದ ಕೆಳಗೆ ಜೋತುಬಿದ್ದರೆ ಆ ಎಳೆತಕ್ಕೆ ಹೊಲಿಗೆ ಕಿರಿದಾಗುತ್ತದೆ, ಸೂಜಿ ಬಾಗುತ್ತದೆ, ಕಡೆಗೆ ಮುರಿಯುತ್ತದೆ.

ಇನ್ನು ಸಂದಿನ ಲೆಕ್ಕ. ಟೇಪು ತಗೊಂಡು ನಿಮ್ಮ ಮಷಿನ್‌ನ ಸೂಜಿಯಿಂದ ಬಲಗಡೆಯ ಕಂಬದವರೆಗೆ ಅಳೆದು ನೋಡಿ. ಮನೆ ಮಷಿನ್‌ಗಳಲ್ಲಿ ಅದು ಆರೇಳು ಇಂಚು. ಜೀನ್ಸ್ ಹೊಲಿಯುವ ಕಡೆ ಇರುವ ಕರೆಂಟಿನ ದೊಡ್ಡ ಮಷಿನ್‌ಗಳಲ್ಲಿ ಹತ್ತು ಇಂಚಿಗೆ ಸ್ವಲ್ಪ ಮೇಲೆ. ಕೌದಿಯ ನಟ್ಟನಡುವೆ ಹೊಲಿಯುವಾಗ ಅರ್ಧ ಕೌದಿ, ಅಂದರೆ ನಾಲ್ಕೂವರೆ ಅಡಿ, ಸುರುಳಿಯಾಗಿ ಈ ಸಂದಿನಲ್ಲೇ ಕೂರಬೇಕು. ಕೌದಿ ಮೂರು ಮಿಲಿಮೀಟರ್ ದಪ್ಪ ಇದ್ದು, ಎಷ್ಟು ಬಿಗಿಯಾಗಿ ಸುತ್ತಿದರೂ ಸುರುಳಿ ಸುಮಾರು ಮೂರು ಇಂಚು ಆಗುತ್ತದೆ. ಒಳಗೆ ಒಂದು ಸೆಂಟಿಮೀಟರ್ ದಪ್ಪದ ಫೈಬರ್ ಹಾಳೆ ಹಾಕಿದ್ದರೆ ಅದೇ ಸುರುಳಿ ಐದು ಇಂಚು ದಾಟುತ್ತದೆ. ಏಳರಲ್ಲಿ ಐದು ಹೋದರೆ ಕೈಯಾಡಿಸಲು ಉಳಿಯುವುದು ಎರಡೇ ಇಂಚು. ಅಷ್ಟರಲ್ಲಿ ಹೂವು, ಬಳ್ಳಿ ಬಿಡಿಸಲು ಆಗುವುದಿಲ್ಲ.

ಇದನ್ನು ನಾನು ಅನುಭವಿಸಿಯೇ ಕಲಿತದ್ದು. ನಮ್ಮ ಕಡೆಯ ಕೌದಿಯಲ್ಲಿ ಹೊಲಿಗೆ ಸಾಲು ಚೌಕದೊಳಗೆ ಚೌಕವಾಗಿ ಹೋಗುತ್ತದೆ. ಉತ್ತರ ಕನ್ನಡದ ಸಿದ್ದಿ ಜನರ ಕವಂದಿಯಲ್ಲೂ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನನಗೂ ಅದೇ ಬೇಕಿತ್ತು. ಅವ್ವನ ಮೂರು ಇಳಕಲ್ ಸೀರೆ, ಅಪ್ಪನ ಧೋತರ, ಎಲ್ಲ ಸೇರಿಸಿ ಹಾಸಿ, ನಡುವಿನಿಂದ ಮಷಿನ್‌ನಲ್ಲಿ ಚೌಕ ಹೊಲಿಯಲು ಕೂತೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಇಷ್ಟ ದೊಡ್ಡದು ಆ ಸಣ್ಣ ಸಂದ್ಯಾಗ ಹೆಂಗ ತಿರುಗ್ತದವ್ವಾ?" ಅಂದಳು. ತಿರುಗಲಿಲ್ಲ. ಪ್ರತಿ ಮೂಲೆಗೂ ಸೂಜಿಯನ್ನು ಅರಿವೆಯಲ್ಲೇ ಇಳಿಸಿ, ಪಾದ ಎತ್ತಿ, ಸುರುಳಿ ಬಿಚ್ಚಿ, ಇಡೀ ಕೌದಿ ಕಾಲು ಸುತ್ತು ತಿರುಗಿಸಿ, ಮತ್ತೆ ಸುರುಳಿ ಸುತ್ತಿ ಸಂದಿಗೆ ತುರುಕಬೇಕು. ಮೂರನೇ ಸುತ್ತಿಗೆ ಹಿಂಬದಿ ತಿರುವಿ ನೋಡಿದರೆ ಧೋತರ ಮಡಿಕೆ ಮಡಿಕೆಯಾಗಿ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ಎರಡು ದಿನ ಕೂತು ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದೆ. ಹಳೇ ಸೀರೆ, ಜೋರಾಗಿ ಎಳೆದರೆ ಹರಿಯುತ್ತದೆ. ಅವ್ವನ ಸೀರೆ ಹರಿಯಬಾರದು ಅನ್ನೋದೇ ಆಗ ತಲೆಯಲ್ಲಿದ್ದದ್ದು.

ಆಮೇಲೆ ಕಾಗದ ತಗೊಂಡು ಲೆಕ್ಕ ಹಾಕಿದೆ. ಒಂಬತ್ತು ಅಡಿ ಅಂದರೆ 108 ಇಂಚು. ಮೂರು ಇಂಚಿಗೊಂದರಂತೆ ನಡುವಿನಿಂದ ಅಂಚಿನವರೆಗೆ 18 ಚೌಕ. ಚೌಕಕ್ಕೆ ನಾಲ್ಕು ಮೂಲೆ. 72 ಸಲ ಕೌದಿ ತಿರುಗಿಸಬೇಕು. ಅದರಲ್ಲೂ ಒಳಗಿನ ಚೌಕಗಳು ಕಠಿಣ, ಯಾಕೆಂದರೆ ಅಲ್ಲಿ ಯಾವ ಬದಿ ಹೊಲಿದರೂ ಹೆಚ್ಚುಕಡಿಮೆ ಅರ್ಧ ಕೌದಿ ಸಂದಿನಲ್ಲಿ ಇರುತ್ತದೆ. ಸುರುಳಿ ಸುತ್ತಿನ ಡಿಸೈನ್ ಇದಕ್ಕಿಂತ ಕಷ್ಟ. ಅದರಲ್ಲಿ ಮೂಲೆಯೇ ಇಲ್ಲ, ಆದ್ದರಿಂದ ಕೌದಿ ಪೂರ್ತಿ ಹೊತ್ತು ತಿರುಗುತ್ತಲೇ ಇರಬೇಕು.

ಈಗ ಇದನ್ನು ಸಾಲು ಗೆರೆಗೆ ಹೋಲಿಸಿ. ಒಂದು ಅಂಚಿನಿಂದ ಎದುರು ಅಂಚಿಗೆ ಒಂದರ ಪಕ್ಕ ಒಂದು, ಮೂರು ಇಂಚಿಗೊಂದು ಗೆರೆ. ಎರಡೂ ಅಂಚು ಸೇರಿ 37 ಗೆರೆ. ಮೊದಲ ಗೆರೆ ನಟ್ಟನಡುವೆ. ಆಗ ಮಾತ್ರ ಸಂದು ತುಂಬಿರುತ್ತದೆ. ಎರಡನೇ ಗೆರೆ ಅದರ ಬಲಕ್ಕೆ, ಮೂರನೆಯದು ಇನ್ನೂ ಬಲಕ್ಕೆ. ಗೆರೆ ಗೆರೆಗೂ ಸಂದಿನಲ್ಲಿರುವ ಸುರುಳಿ ಸಣ್ಣದಾಗುತ್ತ ಹೋಗುತ್ತದೆ, ಅಂಚಿಗೆ ಬರುವಾಗ ಸಂದು ಖಾಲಿ. ಆಗ ಕೌದಿಯನ್ನು ಪೂರಾ ಹೊರಗೆ ತೆಗೆದು ತಿರುಗಿಸಿ, ಮತ್ತೆ ನಡುವಿನಿಂದ ಇನ್ನೊಂದು ಅರ್ಧ ಶುರು ಮಾಡಿದರೆ ಆಯಿತು. ಇಡೀ ಕೆಲಸಕ್ಕೆ ತಿರುಗಿಸುವುದು ಒಂದೇ ಸಲ! 72 ಎಲ್ಲಿ, ಒಂದು ಎಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದು ಗೆರೆ ಮುಗಿದ ಮೇಲೆ ಅಲ್ಲಿಂದಲೇ ಹಿಂದಕ್ಕೆ ಹೊಲಿದುಕೊಂಡು ಬಂದರೆ ಟೈಮ್ ಉಳಿಯುತ್ತದೆ ಅನಿಸುತ್ತದೆ. ಬೇಡ. ಪಾದ ಮೇಲಿನ ಪದರವನ್ನು ಯಾವಾಗಲೂ ಒಂದಿಷ್ಟು ಹಿಂದಕ್ಕೆ ತಡೆಯುತ್ತದೆ. ಒಂದು ಗೆರೆ ಆ ಕಡೆ, ಪಕ್ಕದ್ದು ಈ ಕಡೆ ಹೋದರೆ ನಡುವಿನ ಅರಿವೆ ಎರಡು ದಿಕ್ಕಿಗೂ ಎಳೆದುಕೊಂಡು ಓರೆ ಓರೆ ಸುಕ್ಕು ಬೀಳುತ್ತದೆ. ಆದ್ದರಿಂದ ದಾರ ಕತ್ತರಿಸಿ, ಕೌದಿಯನ್ನು ಹಿಂದಕ್ಕೆ ಎಳೆದುಕೊಂಡು, ಪ್ರತಿ ಗೆರೆಯನ್ನೂ ಒಂದೇ ಕಡೆಯಿಂದ ಶುರು ಮಾಡುವುದು ಒಳ್ಳೆಯದು. ನಡುವೆ ಒಮ್ಮೆ ತಿರುಗಿಸಿದಾಗ ಇನ್ನೊಂದು ಅರ್ಧದ ದಿಕ್ಕು ಬದಲಾಗುತ್ತದೆ, ಅದರಿಂದ ತೊಂದರೆ ಆಗದು.

ಸಾಲು ಗೆರೆ ಅಂದರೆ ಸ್ಕೇಲಿನಷ್ಟು ನೇರ ಇರಲೇಬೇಕು ಅಂತೇನೂ ಇಲ್ಲ. ನಿಜ ಹೇಳಬೇಕೆಂದರೆ ದೊಡ್ಡ ಕೌದಿಗೆ ಪೂರ್ತಿ ನೇರ ಗೆರೆಯನ್ನು ನಾನು ಯಾರಿಗೂ ಮೊದಲಿಗೆ ಹೇಳುವುದಿಲ್ಲ. ಒಂಬತ್ತಡಿ ಉದ್ದಕ್ಕೆ ನೇರವಾಗಿ ಹೋಗುವುದು ಬಹಳ ಕಷ್ಟ. ಎಲ್ಲೋ ಒಂದು ಕಡೆ ಕಾಲು ಇಂಚು ಆಚೀಚೆ ಆದರೂ ಪಕ್ಕದಲ್ಲೇ ಸೀರೆಯ ಅಂಚು ಇರುತ್ತದಲ್ಲ, ಅದು ತಪ್ಪನ್ನು ಎತ್ತಿ ತೋರಿಸುತ್ತದೆ. ಕಣ್ಣು ಎರಡನ್ನೂ ಹೋಲಿಸಿ ನೋಡುತ್ತದೆ. ಅದರ ಬದಲು ಅಲೆಗೆರೆ ಹಾಕಿ. ಕಾಲುವೆಯ ನೀರಿನ ಮೇಲೆ ಗಾಳಿ ಬೀಸಿದಾಗ ಏಳುತ್ತದಲ್ಲ, ಅಂಥ ಮೆಲ್ಲನೆ ಅಲೆ. ಒಂದು ಗೇಣಿಗೆ ಒಂದು ಏರು, ಒಂದು ಇಳಿ, ಆಳ ಒಂದು ಇಂಚಿಗಿಂತ ಕಡಿಮೆ. ಇದಕ್ಕೆ ಕೌದಿ ತಿರುಗಿಸಬೇಕಿಲ್ಲ. ಹಲ್ಲು ಎಳೆದುಕೊಂಡು ಹೋಗುತ್ತಿರುವಾಗಲೇ ಎರಡೂ ಅಂಗೈ ಅರಿವೆ ಮೇಲೆ ಚಪ್ಪಟೆಯಾಗಿ ಇಟ್ಟು, ಒಂಚೂರು ಎಡಕ್ಕೆ, ಒಂಚೂರು ಬಲಕ್ಕೆ ಸರಿಸಿದರೆ ಸಾಕು. ಒಂದು ಅಲೆ ಇನ್ನೊಂದರಂತೆ ಇಲ್ಲದಿದ್ದರೂ ಕಣ್ಣಿಗೆ ತಪ್ಪು ಅನಿಸುವುದೇ ಇಲ್ಲ. ಹೋಲಿಸಲು ಅಲ್ಲಿ ನೇರ ಇರುವುದು ಏನೂ ಇಲ್ಲ, ಅಲ್ವಾ? ಅಲೆ ಆಳವಾದಷ್ಟೂ ಕೈಗೆ ಎಳೆತ ಜಾಸ್ತಿ, ಆ ಆಸೆಯನ್ನು ತಡೆದುಕೊಳ್ಳಬೇಕು.

ಶಂಕರಪೋಳಿ ಆಕಾರದ ಓರೆ ಚೌಕ ಬಹಳ ಜನಕ್ಕೆ ಇಷ್ಟ. ನೋಡಲು ಚೆಂದ, ನಿಜ. ಆದರೆ ಎರಡು ತೊಡಕಿವೆ. ಮೊದಲನೆಯದು, ಮೂಲೆಯಿಂದ ಮೂಲೆಗೆ ಅಳತೆ ಒಂಬತ್ತಲ್ಲ, ಹನ್ನೆರಡೂ ಮುಕ್ಕಾಲು ಅಡಿ. ನಡುವಿನ ಗೆರೆ ಹೊಲಿಯುವಾಗ ಆರು ಅಡಿಗಿಂತ ಹೆಚ್ಚು ಅರಿವೆ ಸಂದಿನಲ್ಲಿ ಸುತ್ತಿಕೊಂಡಿರುತ್ತದೆ. ಎರಡನೆಯದು, ಅರಿವೆ ಓರೆಗೆ ಹಿಗ್ಗುತ್ತದೆ. ಬ್ಲೌಸಿಗೆ ಕ್ರಾಸ್ ಪಟ್ಟಿ ಕತ್ತರಿಸುವ ಟೇಲರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಮಾಸಿದ ಹಳೇ ಸೀರೆ ಇನ್ನೂ ಜಾಸ್ತಿ ಹಿಗ್ಗುತ್ತದೆ. ಇಷ್ಟಾದ ಮೇಲೆ ಎದುರು ದಿಕ್ಕಿನ ಗೆರೆಯೂ ಹಾಕಬೇಕು, ಹೊಲಿಗೆ ಎರಡರಷ್ಟಾಯಿತು. ಆರು ಅಡಿ ಉದ್ದದ ಮಕ್ಕಳ ಕೌದಿಗೆ ಹಾಕಿ, ತುಂಬಾ ಚೆನ್ನಾಗಿರುತ್ತದೆ. ಮಾಳಿಗೆ ಕೌದಿಗೆ ಬೇಡ. ಓರೆ ಅಲ್ಲದ ಗೆರೆ ಹಾಕುವಾಗಲೂ ಸೀರೆಯ ಉದ್ದದ ಎಳೆಗೆ ಸಮನಾಗಿ ಹೋಗಿ, ಆ ಕಡೆಗೆ ಅರಿವೆ ಎಲ್ಲಕ್ಕಿಂತ ಕಡಿಮೆ ಹಿಗ್ಗುತ್ತದೆ.

ಹಲ್ಲು ಇಳಿಸಿ, ಕೈಯಿಂದಲೇ ಅರಿವೆ ಓಡಿಸಿ ಹೂಬಳ್ಳಿ ಬಿಡಿಸುವ ಹೊಲಿಗೆ ಒಂದಿದೆ. ಅದರಲ್ಲಿ ಕೌದಿ ತಿರುಗಿಸಬೇಕಿಲ್ಲ, ಯಾವ ದಿಕ್ಕಿಗಾದರೂ ಸರಿಸಬಹುದು. ಆದರೆ ಹೊಲಿಗೆಯ ಅಳತೆ ಪೂರ್ತಿ ಕೈಯ ವೇಗದ ಮೇಲೆ ನಿಂತಿದೆ. ಎರಡಡಿ ದಿಂಬಿನ ಕವರನ್ನು ಒಂದೇ ವೇಗದಲ್ಲಿ ಸರಿಸಬಹುದು, ಮೂರೂವರೆ ಕೆಜಿ ಅರಿವೆಯನ್ನು ಸರಿಸುವುದು ಬೇರೆ ಮಾತು. ಭುಜ ಹಿಡಿದುಕೊಳ್ಳುತ್ತದೆ. ದಿಂಬಿನ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿದವರು ಹಾಕಲಿ.

ಗೆರೆಯಿಂದ ಗೆರೆಗೆ ಎಷ್ಟು ದೂರ ಇರಬೇಕು ಅನ್ನುವುದು ಒಳಗೆ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಪಿಂಜಿದ ಬಿಡಿ ಹತ್ತಿ ತುಂಬಿದರೆ ಅದು ಗಂಟು ಗಂಟಾಗಿ ಒಂದು ಕಡೆ ಸೇರುತ್ತದೆ, ಹೊಲಿಗೆ ಬಹಳ ಹತ್ತಿರ ಬೇಕು. ಅಂಥದ್ದನ್ನು ಮನೆ ಮಷಿನ್‌ಗೆ ಕೊಡಲೇಬೇಡಿ, ಗಾದಿ ಹೊಲಿಯುವವರ ಉದ್ದ ಸೂಜಿಯೇ ಅದಕ್ಕೆ ಸರಿ. ಅಂಗಡಿಯ ಫೈಬರ್ ಹಾಳೆಯಲ್ಲಿ ಎಳೆಗಳು ಒಂದಕ್ಕೊಂದು ಹಿಡಿದಿರುವುದರಿಂದ ದೂರ ಹಾಕಿದರೂ ನಡೆಯುತ್ತದೆ. ಎಷ್ಟು ದೂರ ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಅದನ್ನೇ ಪಾಲಿಸಿ. ನಮ್ಮ ಕೌದಿಯಲ್ಲಿ ಒಳಗಿರುವುದೂ ಅರಿವೆಯೇ, ಅದು ಎಲ್ಲೂ ಸರಿದುಹೋಗುವುದಿಲ್ಲ. ಆ ಲೆಕ್ಕದಲ್ಲಿ ಒಂದು ಗೇಣಿಗೊಂದು ಗೆರೆ ಹಾಕಿದರೂ ಕೌದಿ ನಿಲ್ಲುತ್ತದೆ. ಆದರೂ ನಾನು ಮೂರು ಇಂಚಿಗಿಂತ ದೂರ ಹೋಗುವುದಿಲ್ಲ. ಕಾರಣ ದಸರಾ.

ದಸರಾ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಹೊರಬೀಳುತ್ತದೆ. ದೊಡ್ಡ ಕೌದಿ ಬಚ್ಚಲಲ್ಲಿ ತೊಳೆಯುವಂಥದ್ದಲ್ಲ, ಕಾಲುವೆಗೋ ಹೊಳೆಗೋ ಒಯ್ಯಬೇಕು. ನೀರು ಕುಡಿದ ಕೌದಿ ಒಣಗಿದ್ದಾಗಿನ ಎರಡರಷ್ಟಕ್ಕಿಂತ ಜಾಸ್ತಿ ತೂಗುತ್ತದೆ. ಇಬ್ಬರು ಎರಡು ತುದಿ ಹಿಡಿದು ಹಿಂಡುವಾಗ ಆ ಎಳೆತವನ್ನೆಲ್ಲ ತಡೆಯುವುದು ಹೊಲಿಗೆ ಸಾಲು. ಸಾಲುಗಳು ದೂರ ದೂರ ಇದ್ದರೆ ನಡುವಿನ ಜೀರ್ಣ ಅರಿವೆಯ ಮೇಲೇ ಭಾರ ಬಿದ್ದು ಪರ್ ಅಂತ ಹರಿಯುತ್ತದೆ. ಕೈಕೌದಿಯಲ್ಲಿ ನಮ್ಮ ಹಿರಿಯರು ಬೆರಳು ಬಿಟ್ಟು ಬೆರಳಿಗೆ ಸಾಲು ಹಾಕುತ್ತಿದ್ದದ್ದು ಇದಕ್ಕೇ. ಮಷಿನ್‌ನಲ್ಲಿ ಅಷ್ಟು ಹತ್ತಿರ ಹಾಕಿದರೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ, ಮೈಗೆ ಹತ್ತುವುದಿಲ್ಲ. ಹೊಸ ಗಟ್ಟಿ ಬಟ್ಟೆಯಾದರೆ ಐದಾರು ಇಂಚು ಬಿಡಿ, ಹಳೇ ಸೀರೆಗೆ ಮೂರು.

ದೂರ ಎಷ್ಟೇ ಇರಲಿ, ಇಡೀ ಕೌದಿಗೆ ಒಂದೇ ಇರಬೇಕು. ಹೊಲಿಗೆ ಬಿದ್ದ ಕಡೆ ಅರಿವೆ ಕುಗ್ಗುತ್ತದೆ. ಒಂದು ಭಾಗ ದಟ್ಟ, ಒಂದು ಭಾಗ ವಿರಳ ಆದರೆ ದಟ್ಟ ಇದ್ದ ಕಡೆ ಒಳಕ್ಕೆ ಎಳೆದುಕೊಂಡು, ವಿರಳ ಇದ್ದ ಕಡೆ ಹಪ್ಪಳದಂತೆ ಉಬ್ಬುತ್ತದೆ. ಅಂಚು ಸೊಟ್ಟ ಆಗುತ್ತದೆ. ಉತ್ಸಾಹದಲ್ಲಿ ಒಂದು ಮೂಲೆಗೆ ಒತ್ತೊತ್ತಾಗಿ ಹೂವು ಬಿಡಿಸಿ, ಆಮೇಲೆ ಸಾಕಾಗಿ ಉಳಿದದ್ದಕ್ಕೆ ಗೆರೆ ಎಳೆದ ಕೌದಿಗಳನ್ನು ನೋಡಿದ್ದೇನೆ. ನೆಲದ ಮೇಲೆ ಅವು ಸಮ ಕೂರುವುದೇ ಇಲ್ಲ.

ಎಷ್ಟು ಹೊಲಿಗೆ ಬೀಳುತ್ತದೆ ಅನ್ನುವುದನ್ನು ಮೊದಲೇ ತಿಳಿಯಲು ಸುಲಭದ ದಾರಿ ಇದೆ. ಕೌದಿಯ ಚದರ ಅಡಿಯನ್ನು ಗೆರೆಯ ಅಂತರದಿಂದ ಭಾಗಿಸಿ. ಒಂಬತ್ತೊಂಬತ್ತಲೆ 81 ಚದರ ಅಡಿ. ಮೂರು ಇಂಚು ಅಂದರೆ ಕಾಲು ಅಡಿ. ಭಾಗಿಸಿದರೆ 324 ಅಡಿ, ಹತ್ತಿರ ಹತ್ತಿರ ನೂರು ಮೀಟರ್ ಹೊಲಿಗೆ. ಅಂತರ ಒಂದೂವರೆ ಇಂಚಿಗೆ ಇಳಿಸಿದರೆ ಇನ್ನೂರು ಮೀಟರ್. ಮೇಲಿನ ದಾರ, ಕೆಳಗಿನ ಪುಟ್ಟ ಉರುಳೆಯ ಅಂದರೆ ಬಾಬಿನ್ ದಾರ ಎರಡೂ ಸೇರಿ ಹೊಲಿಗೆಯ ಎರಡೂವರೆಯಿಂದ ಮೂರು ಪಟ್ಟು ದಾರ ಹೋಗುತ್ತದೆ. ಹಾಗಾಗಿ ಸಣ್ಣ ರೀಲು ಬೇಡ, ಕೋನ್ ತಗೊಳ್ಳಿ. ಶುರು ಮಾಡುವ ಮುಂಚೆಯೇ ಬಾಬಿನ್ ಐದಾರು ಸುತ್ತಿಟ್ಟುಕೊಳ್ಳಿ. ಪ್ರತಿ ಗೆರೆಗೂ ಮುಂಚೆ ಬಾಬಿನ್ ತೆಗೆದು ನೋಡಿ. ನಡುಗೆರೆಯಲ್ಲಿ ದಾರ ಮುಗಿದರೆ ಇಡೀ ಸುರುಳಿ ಎತ್ತಿ ಹಿಡಿದು ಬಾಬಿನ್ ಬದಲಿಸುವುದು ದೊಡ್ಡ ಕಿರಿಕಿರಿ.

ಡಿಸೈನ್ ಎಷ್ಟೇ ಸುಲಭ ಇರಲಿ, ಕೌದಿ ಹಾಸುವುದರಲ್ಲಿ ಎಡವಿದರೆ ಮುಗಿಯಿತು. ನೆಲಕ್ಕೆ ಕೆಳಗಿನ ಅರಿವೆಯನ್ನು ಬಿಗಿಯಾಗಿ ಹಾಸಿ, ನಾಲ್ಕೂ ಅಂಚಿಗೆ ಭಾರ ಇಡಿ. ಅದು ಮೇಲಿನದಕ್ಕಿಂತ ಎಲ್ಲ ಬದಿಗೂ ಮೂರು ನಾಲ್ಕು ಇಂಚು ದೊಡ್ಡದಿರಲಿ, ಹೊಲಿಯುತ್ತ ಹೋದಂತೆ ಕುಗ್ಗುತ್ತದಲ್ಲ. ಅದರ ಮೇಲೆ ಒಂದೊಂದೇ ಪದರ, ಪ್ರತಿ ಸಲ ನಡುವಿನಿಂದ ಅಂಚಿಗೆ ಅಂಗೈಯಿಂದ ನೇವರಿಸಿ ಗಾಳಿ ಹೊರಗೆ ಹಾಕಿ. ಆಮೇಲೆ ನಡುವಿನಿಂದಲೇ ಕಚ್ಚಾ ಹೊಲಿಗೆ, ಇಲ್ಲವೇ ಸೇಫ್ಟಿ ಪಿನ್. ಆರು ಇಂಚಿಗೊಂದು ಹಾಕಿದರೂ ಮುನ್ನೂರರ ಮೇಲೆ ಪಿನ್ ಬೇಕು. ಪಿನ್‌ಗೆ ದುಡ್ಡು ಯಾಕೆ ಅನಿಸಿದರೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಅದೇ ಹಳೇ ಪದ್ಧತಿ. ಮಷಿನ್ ಗೆರೆ ಬೀಳುವ ಜಾಗ ಬಿಟ್ಟು ಹಾಕಬೇಕು ಅಷ್ಟೆ. ಪಿನ್ ಮೇಲೆ ಸೂಜಿ ಬಿದ್ದರೆ ಚೂರು ಕಣ್ಣಿಗೆ ಹಾರುತ್ತದೆ.

ಮೊದಲ ಗೆರೆ ಗುರುತು ಹಾಕುವುದಕ್ಕೆ ನಮ್ಮ ಬೀದಿಯ ಗೌಂಡಿಯಿಂದ ಕಲಿತ ಉಪಾಯ ಹೇಳುತ್ತೇನೆ. ಗೋಡೆಗೆ ಗೆರೆ ಹಾಕಲು ಅವರು ಬಣ್ಣದ ಪುಡಿ ಹಚ್ಚಿದ ದಾರ ಹಿಡಿದು ಟಪ್ ಅಂತ ಬಿಡುತ್ತಾರಲ್ಲ, ಹಾಗೇ ಮಾಡಿದೆ. ದಪ್ಪ ದಾರಕ್ಕೆ ಸೀಮೆಸುಣ್ಣದ ಪುಡಿ ತಿಕ್ಕಿ, ಮಗಳು ಆ ತುದಿ, ನಾನು ಈ ತುದಿ ಬಿಗಿಯಾಗಿ ಹಿಡಿದು, ನಡುವೆ ಅವ್ವ ದಾರ ಎತ್ತಿ ಬಿಟ್ಟಳು. ಒಂಬತ್ತಡಿಗೂ ಬೆಳ್ಳಗೆ ಒಂದೇ ಗೆರೆ. ಅಲೆಗೆರೆ ಹಾಕಿದರೂ ಗುರುತಿಗೆ ಈ ಗೆರೆ ಬೇಕು. ನಡುವೆ ಒಂದು, ಆಮೇಲೆ ಅಡಿಗೊಂದು ಇದ್ದರೆ ಸಾಕು, ಅಲೆ ಅದರ ಆಚೀಚೆ ಆಡಿಕೊಂಡು ಹೋಗುತ್ತದೆ. ಒಗೆದರೆ ಸುಣ್ಣ ಹೋಗುತ್ತದೆ. ಪೆನ್ನಿನಲ್ಲಿ ಮಾತ್ರ ಗೆರೆ ಹಾಕಬೇಡಿ.

ಮಷಿನ್ ಇಡುವ ಜಾಗಕ್ಕೂ ಗಮನ ಕೊಡಬೇಕು. ಹಿಂದುಗಡೆ ಗೋಡೆ ಇರಲಿ, ಕೌದಿ ಆ ಕಡೆ ಜಾರಿ ಬೀಳದಂತೆ. ಎಡಕ್ಕೆ ಮಂಚ ಎಳೆದುಕೊಂಡು, ಮಂಚದ ಮೇಲೆ ಟ್ರಂಕು ಇಟ್ಟು ಮಷಿನ್‌ನ ಎತ್ತರಕ್ಕೆ ತನ್ನಿ. ಕೌದಿಯ ಭಾರ ಪೂರ್ತಿ ಅದರ ಮೇಲಿರಲಿ. ಪಾದದ ಕೆಳಗಿನ ಒಂದು ಗೇಣು ಜಾಗದಲ್ಲಿ ಅರಿವೆ ಸಡಿಲವಾಗಿ ಇರಬೇಕು, ಅಷ್ಟೇ. ಸೂಜಿ 16 ನಂಬರ್. ಹೊಲಿಗೆ ಅಳತೆ ಬ್ಲೌಸಿಗಿಂತ ದೊಡ್ಡದು, ಇಂಚಿಗೆ ಎಂಟು. ಹಾಗೆ ಹೊಲಿದರೂ ಒಂಬತ್ತಡಿಯ ಒಂದು ಗೆರೆಗೆ 864 ಹೊಲಿಗೆ! ಅಷ್ಟು ದೂರದಲ್ಲಿ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತ, ಪಾದ ಮೇಲಿನದನ್ನು ತಡೆಯುತ್ತ ಹೋದರೆ ವ್ಯತ್ಯಾಸ ಕೂಡುತ್ತ ಹೋಗುತ್ತದೆ. ಒಂದು ಅಡಿಗೆ ಒಂದೇ ಮಿಲಿಮೀಟರ್ ಹಿಂದೆ ಬಿದ್ದರೂ ಕೊನೆಗೆ ಒಂಬತ್ತು ಮಿಲಿಮೀಟರಿನ ಮಡಿಕೆ ಕೂತಿರುತ್ತದೆ. ವಾಕಿಂಗ್ ಫುಟ್ ಅಂತ ಒಂದು ಪಾದ ಬರುತ್ತದೆ, ಅದಕ್ಕೆ ತನ್ನದೇ ಹಲ್ಲು ಇದ್ದು ಮೇಲಿನ ಪದರವನ್ನೂ ಜೊತೆಗೇ ನಡೆಸುತ್ತದೆ. ದೊಡ್ಡ ಕೌದಿ ಹೊಲಿಯುವವರು ಬೇರೆ ಏನಕ್ಕೆ ಖರ್ಚು ಮಾಡದಿದ್ದರೂ ಇದಕ್ಕೆ ಮಾಡಿ. ಸಿಗದಿದ್ದರೆ ಪಾದದ ಒತ್ತಡದ ಸ್ಕ್ರೂ ಸ್ವಲ್ಪ ಸಡಿಲಿಸಿ, ಪಿನ್ ಇನ್ನೂ ಹತ್ತಿರ ಹಾಕಿ.

ಬಳ್ಳಾರಿಯವರಿಗೆ ಬೇರೆಯದೇ ಒಂದು ಮಾತು ಹೇಳಬೇಕು. ಅಲ್ಲಿ ಜೀನ್ಸ್ ಹೊಲಿಯುವ ಮನೆಗಳು ಬಹಳ, ಡೆನಿಮ್ ಚೂರು ಸುಲಭವಾಗಿ ಸಿಗುತ್ತದೆ. ಅದರಲ್ಲಿ ಕೌದಿ ಹೊಲಿದರೆ ತಲೆಮಾರು ಬಾಳುತ್ತದೆ. ಆದರೆ ಪ್ಯಾಂಟಿನ ದಪ್ಪ ಡೆನಿಮ್ ಚದರ ಮೀಟರಿಗೆ 400 ಗ್ರಾಂ ಆಸುಪಾಸು ತೂಗುತ್ತದೆ. ಒಂಬತ್ತಡಿ ಚೌಕಕ್ಕೆ ಮೇಲಿನ ಪದರವೊಂದೇ ಮೂರು ಕೆಜಿ. ಅದಕ್ಕೆ ಒಳಗೆ ಮತ್ತೇನೂ ತುಂಬಬೇಡಿ, ಕೆಳಗೆ ಹತ್ತಿ ಸೀರೆಯ ಒಂದು ಪದರ ಸಾಕು. ಗೆರೆ ಆರು ಇಂಚಿಗೊಂದು ಹಾಕಿ, ಸೂಜಿ 18 ನಂಬರ್ ಇರಲಿ. ಪ್ಯಾಂಟಿನ ಕಾಲಿನ ಮಡಿಸಿದ ಜೋಡು ಹೊಲಿಗೆ ಬರುತ್ತದಲ್ಲ, ಆ ಉಬ್ಬಿನ ಮೇಲೆ ಗೆರೆ ಹಾಯದಂತೆ ಮೊದಲೇ ಚೂರುಗಳನ್ನು ಜೋಡಿಸಿಕೊಳ್ಳಿ. ಹಾಗೆಯೇ ಸಂಡೂರಿನ ಲಂಬಾಣಿ ಕಸೂತಿಯ ತುಂಡು ಯಾರಾದರೂ ಕೌದಿಯ ನಡುವೆ ಕೂರಿಸುವುದಾದರೆ ಅದರ ಮೇಲೆ ಮಷಿನ್ ಓಡಿಸಲೇಬೇಡಿ. 2010ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಕೆಲಸ ಅದು, ಒಂದೊಂದು ಹೊಲಿಗೆಯೂ ಕೈಯದು. ಅದರಲ್ಲಿ ಕೂರಿಸಿದ ಕನ್ನಡಿಯ ಮೇಲೆ ಸೂಜಿ ಬಿದ್ದರೆ ಕನ್ನಡಿಯೂ ಹೋಯಿತು, ಸೂಜಿಯೂ ಹೋಯಿತು. ಅದರ ಸುತ್ತ ಗೆರೆ ನಿಲ್ಲಿಸಿ, ತುಂಡನ್ನು ಕೈಯಿಂದ ಹೊಲಿಯಿರಿ.

ಮಷಿನ್ ಬಹಳ ಸಣ್ಣದು, ನಾಲ್ಕೂವರೆ ಅಡಿ ಸುರುಳಿ ಹೋಗುವುದೇ ಇಲ್ಲ ಅನ್ನುವವರಿಗೂ ದಾರಿ ಇದೆ. ಕೌದಿಯನ್ನು ಮೂರಡಿ ಅಗಲದ ಮೂರು ಪಟ್ಟೆಯಾಗಿ ಬೇರೆ ಬೇರೆ ಹೊಲಿದು, ಕೊನೆಗೆ ಜೋಡಿಸುವುದು. ಆಗ ಸಂದಿನಲ್ಲಿ ಕೂರಬೇಕಾದ್ದು ಒಂದೂವರೆ ಅಡಿ ಮಾತ್ರ, ಸುರುಳಿ ಎರಡು ಇಂಚಿನೊಳಗೆ. ಯಾವ ಡಿಸೈನ್ ಬೇಕಾದರೂ ಹಾಕಬಹುದು. ಜೋಡಿಸಿದ ಜಾಗದ ಮೇಲೆ ಅಗಲದ ಪಟ್ಟಿ ಹೊಲಿದು ಮುಚ್ಚಬೇಕು, ಅಲ್ಲಿ ಸ್ವಲ್ಪ ದಪ್ಪ ಬರುತ್ತದೆ. ಹೊದೆಯುವ ಕೌದಿಗೆ ತೊಂದರೆಯಿಲ್ಲ, ಹಾಸುವ ಕೌದಿಯಲ್ಲಿ ಬೆನ್ನಿಗೆ ಒತ್ತುತ್ತದೆ. ಲಾಂಗ್ ಆರ್ಮ್ ಅನ್ನುವ ದೊಡ್ಡ ಮಷಿನ್‌ನಲ್ಲಿ ಕೌದಿಯನ್ನು ಚೌಕಟ್ಟಿಗೆ ಬಿಗಿದಿಟ್ಟು, ಮಷಿನ್‌ನ ತಲೆಯೇ ಹಳಿಯ ಮೇಲೆ ಓಡಾಡುತ್ತದೆ. ಅಲ್ಲಿ ಮತ್ತೆ ಕೈಹೊಲಿಗೆಯಂತೆ ಕೌದಿ ಸುಮ್ಮನಿದ್ದು ಸೂಜಿ ನಡೆಯುತ್ತದೆ, ಅದಕ್ಕೇ ಅದರಲ್ಲಿ ಯಾವ ಡಿಸೈನೂ ಕಷ್ಟವಲ್ಲ.

ನನಗೆ ಮಾತ್ರ ಚೌಕ ಬಿಡಲು ಮನಸ್ಸು ಬರಲಿಲ್ಲ. ನಮ್ಮ ಕೌದಿಯ ಮುಖವೇ ಅದು. ಲೆಕ್ಕದ ಕಾಗದ ಮತ್ತೆ ನೋಡಿದಾಗ ಒಂದು ಹೊಳೆಯಿತು. ಚೌಕ ಕಷ್ಟ ಇರುವುದು ನಡುವೆ. ಅಂಚಿನ ಹತ್ತಿರದ ಚೌಕ ಹೊಲಿಯುವಾಗ ಕೌದಿಯೆಲ್ಲ ಸೂಜಿಯ ಎಡಕ್ಕೆ ಮಂಚದ ಮೇಲೆ ಇರುತ್ತದೆ, ಸಂದಿನಲ್ಲಿ ಇರುವುದು ಕೆಲವೇ ಇಂಚು. ಅಲ್ಲಿ ಸುರುಳಿಯೇ ಬೇಡ. ಹಾಗಾಗಿ ಅಂಚಿನಿಂದ ಒಂಬತ್ತು ಇಂಚು ಸುತ್ತಲೂ ಬಿಟ್ಟು, ನಡುವಿನ ಏಳೂವರೆ ಅಡಿಗೆ ಮೊದಲು ಅಲೆಗೆರೆ ಹಾಕಿದೆ, 31 ಗೆರೆ. ಆಮೇಲೆ ಬಿಟ್ಟ ಜಾಗಕ್ಕೆ ಮೂರು ಇಂಚಿಗೊಂದರಂತೆ ಮೂರು ಸುತ್ತು ಚೌಕ. ಮೊದಲ ಸುತ್ತು ಅಲೆಗೆರೆಗಳ ತುದಿಯ ಮೇಲೇ ಹಾಯುತ್ತದೆ, ಆದ್ದರಿಂದ ಆ ತುದಿಗಳು ಬಿಚ್ಚುವುದೂ ಇಲ್ಲ. ಒಟ್ಟು ಹೊಲಿಗೆ ಅದೇ ನೂರು ಮೀಟರ್. ಮೂಲೆ 72ರ ಬದಲು 12, ಅದೂ ಸುರುಳಿಯ ಭಾರ ಇಲ್ಲದ ಮೂಲೆ.

ಕೊನೆಯ ಸುತ್ತಿನ ನಾಲ್ಕನೇ ಮೂಲೆಗೆ ಬಂದಾಗ ಅವ್ವ ಮಂಚದ ಆ ಬದಿಯಿಂದ ಕೌದಿ ಎತ್ತಿ ಕೊಟ್ಟಳು, ನಾನು ಪಾದ ಎತ್ತಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ಹಿಂಬದಿ ನೋಡಿದೆವು. ಅಪ್ಪನ ಧೋತರದಲ್ಲಿ ಒಂದು ಮಡಿಕೆಯೂ ಇರಲಿಲ್ಲ. "ಸುತ್ತಲ ಪಟ್ಟಿ ನಾ ಕೈಲೆ ಹಾಕ್ತೀನಿ, ನೀ ಏಳು" ಅಂತ ಅವ್ವ ದಬ್ಬಣಕ್ಕೆ ದಾರ ಪೋಣಿಸಿದಳು.